ಮಧ್ಯಾಹ್ನ ತಲೆ ಮಂಕಾಗಲು ಕಾರಣ ಯಾವುದು? ಕೆಲಸದ ಜಾಗದ ಸಣ್ಣ ಕಾಟಗಳನ್ನು ಹಿಡಿಯುವ ಸರಿಯಾದ ಕ್ರಮ

"ಊಟ ಆತಂದ್ರ ತಲಿ ಓಡಂಗಿಲ್ಲ ರೀ, ಏನ್ ಮಾಡಿದ್ರೂ ಸರಿ ಹೋಗವಲ್ದು." ಈ ದೂರು ಧಾರವಾಡದ ಸಪ್ತಾಪುರದ ರೀಡಿಂಗ್ ರೂಮುಗಳಲ್ಲಿ ಪರೀಕ್ಷೆಗೆ ಓದುವವರಿಂದ ಬರುತ್ತೆ, ಹುಬ್ಬಳ್ಳಿಯ ಗೋಕುಲ ರೋಡ್ ಮತ್ತು ತಾರಿಹಾಳದ ಶೆಡ್‌ಗಳಲ್ಲಿ ಕೆಲಸ ಮಾಡುವವರಿಂದ ಬರುತ್ತೆ, ಗದಗದ ಪ್ರಿಂಟಿಂಗ್ ಪ್ರೆಸ್‌ನವರಿಂದಲೂ ಬರುತ್ತೆ. ಎಲ್ಲರೂ ಏನಾದರೂ ಮಾಡಿ ನೋಡಿರುತ್ತಾರೆ. ಆದರೆ ಎಡವುವುದು ಒಂದೇ ಕಡೆ. ಒಂದೇ ದಿನ ಜಾಗ ಬದಲಿಸುತ್ತಾರೆ, ಚಹಾ ಜಾಸ್ತಿ ಮಾಡುತ್ತಾರೆ, ಹೊಸ ಫ್ಯಾನ್ ತರುತ್ತಾರೆ, ಕಿವಿಗೆ ಇಯರ್‌ಫೋನ್ ಹಾಕುತ್ತಾರೆ. ನಾಲ್ಕು ದಿನ ಚೆನ್ನಾಗಿ ಅನಿಸುತ್ತೆ, ಐದನೇ ದಿನ ಮತ್ತೆ ಅದೇ ಜಡ. ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂದು ಗೊತ್ತೇ ಆಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಸಣ್ಣ ಕಾಟಗಳ ಬಗ್ಗೆ. ಮುಚ್ಚಿದ ಕೋಣೆ, ತಗಡಿನ ಶೀಟಿನ ಬಿಸಿ, ಬಿಡದೆ ಗುಂಯ್‌ಗುಡುವ ಮೋಟಾರು, ಥಿನ್ನರ್ ವಾಸನೆ, ಮಿನುಗುವ ಟ್ಯೂಬ್‌ಲೈಟು. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಲ್ಲ. ಎರಡು ಮೂರು ಸೇರಿದಾಗ ಎಚ್ಚರ ಕುಸಿಯುತ್ತೆ. ತೊಂದರೆ ಏನಂದರೆ, ಎಷ್ಟು ಕುಸಿದಿದೆ ಎಂದು ಹೇಳಬೇಕಾದ ತಲೆಯೇ ಮಂಕಾಗಿರುತ್ತೆ. ಅದಕ್ಕೇ ಅನಿಸಿಕೆ ನಂಬಬೇಡಿ, ಅಳೆಯಿರಿ. ಕೆಳಗಿನ ಕ್ರಮವನ್ನೂ ಹಿಂದೆ ಮುಂದೆ ಮಾಡಬೇಡಿ. ಯಾಕೆ ಎನ್ನುವುದು ಸದ್ದಿನ ಹಂತಕ್ಕೆ ಬಂದಾಗ ಗೊತ್ತಾಗುತ್ತೆ.

ಬೇಕಾದ ಸಾಮಾನು

30 ಸೆಂಟಿಮೀಟರಿನ ಸ್ಕೇಲು, ಒಂದು ನೋಟ್‌ಬುಕ್, ಗೋಡೆಗೆ ನೇತುಹಾಕುವ ಥರ್ಮಾಮೀಟರ್, ಸದ್ದು ಅಳೆಯುವ ಆ್ಯಪ್ ಇರುವ ಮೊಬೈಲ್. ಇಷ್ಟು ಸಾಕು.

ನಾವು ಬಿಡುವ ಉಸಿರು ಕೋಣೆಯಲ್ಲಿ ಎಷ್ಟು ತುಂಬಿದೆ ಎಂದು ತೋರಿಸುವ ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಳ್ಳಲೇಬೇಕು ಎಂದೇನಿಲ್ಲ. ನಾಲ್ಕೈದು ಜನ ಸೇರಿ ಕೊಂಡರೆ ಒಳ್ಳೆಯದು. ಆದರೆ ಅಗ್ಗದ ಮೀಟರ್‌ಗಳಲ್ಲಿ ಹಲವು ಆ ಅನಿಲವನ್ನು ಅಳೆಯುವುದೇ ಇಲ್ಲ, ಬೇರೆ ಆವಿಗಳನ್ನು ನೋಡಿ ಒಂದು ಅಂದಾಜು ಸಂಖ್ಯೆ ತೋರಿಸುತ್ತವೆ. ಪರೀಕ್ಷೆ ಸುಲಭ: ಬಯಲಿಗೆ ಒಯ್ದರೆ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಆಸುಪಾಸು ತೋರಿಸಬೇಕು, ಹತ್ತಿರದಲ್ಲಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಸಂಖ್ಯೆ ಹಾರಬಾರದು. ಹಾರಿದರೆ ವಾಪಸ್ ಕೊಡಿ. ಅವಕೆಂಪು ಬೆಳಕಿನಿಂದ ಆ ಅನಿಲವನ್ನೇ ಅಳೆಯುವ 'ಎನ್‌ಡಿಐಆರ್' ಸೆನ್ಸರ್ ಇರುವುದನ್ನೇ ಕೇಳಿ.

ಹಂತ 1: ಮೊದಲು ಅಪಾಯವನ್ನು ತಳ್ಳಿಹಾಕಿ

ತಲೆ ಮಂಕಾಗಲು ಕಾರಣ ಸಣ್ಣ ಕಾಟವೋ ನಿಜವಾದ ವಿಷವೋ ಎನ್ನುವುದನ್ನು ಮೊದಲು ನೋಡಬೇಕು. ಹೆಚ್ಚಿನವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ.

ಜನರೇಟರ್ ಹೊಗೆ ಎಲ್ಲಕ್ಕಿಂತ ಮೊದಲು. ಕರೆಂಟ್ ಹೋದಾಗ ಅಂಗಡಿಯ ಹಿಂಬಾಗಿಲಲ್ಲೋ ಮೆಟ್ಟಿಲ ಕೆಳಗೋ ಇಟ್ಟ ಜನರೇಟರ್ ಶುರುವಾಗುತ್ತೆ, ಎಸಿ ಇದೆಯೆಂದು ಕಿಟಕಿ ಮುಚ್ಚಿರುತ್ತೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತೆ. ಗುರುತು ಹೀಗೆ: ಒಂದೇ ಕೋಣೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ, ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಹಗುರ. ಹೀಗಿದ್ದರೆ ಅಳೆಯುತ್ತಾ ಕೂರಬೇಡಿ. ಎಲ್ಲರೂ ಹೊರಗೆ ಬನ್ನಿ, ಜನರೇಟರ್ ಬಂದ್ ಮಾಡಿಸಿ. ಯಾರಿಗಾದರೂ ಎಚ್ಚರ ತಪ್ಪುವಂತಿದ್ದರೆ 108ಕ್ಕೆ ಕರೆ ಮಾಡಿ. ಶೆಗಡಿಯಲ್ಲಿ ಇದ್ದಿಲು ಹಾಕಿ ಕೋಣೆ ಮುಚ್ಚಿಕೊಂಡರೂ ಇದೇ ಗತಿ.

ಎರಡನೆಯದು ದ್ರಾವಕಗಳ ಆವಿ. ಪ್ರೆಸ್‌ನಲ್ಲಿ ರೋಲರ್, ಬ್ಲ್ಯಾಂಕೆಟ್ (ಯಂತ್ರದ ರಬ್ಬರ್ ಹಾಳೆ) ಒರೆಸುವ ಪೆಟ್ರೋಲು, ಸೀಮೆಎಣ್ಣೆ, ಗ್ಯಾರೇಜಿನಲ್ಲಿ ಥಿನ್ನರ್, ಫರ್ನಿಚರ್ ಅಂಗಡಿಯಲ್ಲಿ ಪಾಲಿಶ್. "ನಮಗ ರೂಢಿ ಆಗೇತಿ, ವಾಸನಿನೇ ಬರಂಗಿಲ್ಲ" ಎನ್ನುತ್ತಾರಲ್ಲ, ಅದು ಧೈರ್ಯದ ಮಾತಲ್ಲ, ಎಚ್ಚರಿಕೆಯ ಮಾತು. ಮೂಗು ಸ್ವಲ್ಪ ಹೊತ್ತಿನಲ್ಲೇ ವಾಸನೆಗೆ ಒಗ್ಗಿಬಿಡುತ್ತೆ. ಆವಿ ಎಲ್ಲಿಗೂ ಹೋಗಿರುವುದಿಲ್ಲ. ಸಂಜೆ ಹೊತ್ತಿಗೆ ಅಮಲು ಏರಿದಂತೆ ತಲೆ ತಿರುಗುವುದು, ರಜೆ ದಿನ ಪೂರ್ತಿ ಸರಿ ಇರುವುದು, ಕೆಲಸಕ್ಕೆ ಹೋದ ದಿನ ಮತ್ತೆ ಬರುವುದು: ಈ ಮೂರೂ ಇದ್ದರೆ ಕಾರಣ ಕೆಲಸದ ಜಾಗದಲ್ಲೇ ಇದೆ ಎಂದು ಹಿಡಿಯಿರಿ. ಇನ್ನೊಂದು ಮಾತು. ಮೂಗಿಗೆ ಕಟ್ಟಿದ ಬಟ್ಟೆ, ಸರ್ಜಿಕಲ್ ಮಾಸ್ಕ್, ಸಾಮಾನ್ಯ ಎನ್95, ಯಾವುದೂ ಆವಿಯನ್ನು ತಡೆಯುವುದಿಲ್ಲ. ಅವು ಧೂಳಿಗೆ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಸುಲಭ: ಒರೆಸಿದ ಚಿಂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ, ಡಬ್ಬಿ ಬಾಯಿ ತೆರೆದಿಡಬೇಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ.

ಮೂರನೆಯದು ನಿಮ್ಮ ದೇಹದ್ದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವುದು, ಗಾಡಿ ಓಡಿಸುವಾಗ ಕಣ್ಣು ಮುಚ್ಚಿಬರುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಪದೇ ಪದೇ ಮೂತ್ರ ಮತ್ತು ಬಾಯಾರಿಕೆ. ಇವಿದ್ದರೆ ಡಾಕ್ಟರ ಹತ್ತಿರ ಹೋಗಿ ರಕ್ತ, ಸಕ್ಕರೆ, ಥೈರಾಯ್ಡ್ ನೋಡಿಸಿ. ಫ್ಯಾನ್ ಬದಲಿಸಿ ಪ್ರಯೋಜನ ಇಲ್ಲ.

ಹಂತ 2: ಎಚ್ಚರವನ್ನು ಸ್ಕೇಲಿನಿಂದ ಅಳೆಯಿರಿ

ನಿದ್ದೆಯ ಸಂಶೋಧಕರು 1985ರಿಂದ ಬಳಸುವ ಒಂದು ಪರೀಕ್ಷೆ ಇದೆ. ಹತ್ತು ನಿಮಿಷ ಪರದೆ ನೋಡುತ್ತಾ ಕೂರಬೇಕು, ಗುರುತು ಕಂಡ ಕೂಡಲೇ ಗುಂಡಿ ಒತ್ತಬೇಕು. ಅರ್ಧ ಸೆಕೆಂಡಿಗಿಂತ ತಡವಾದರೆ ಅದನ್ನು ಒಂದು 'ತಪ್ಪಿದ್ದು' ಎಂದು ಎಣಿಸುತ್ತಾರೆ. ಮಂಕಾದ ಮಿದುಳು ಎಲ್ಲ ಸಲವೂ ನಿಧಾನ ಆಗುವುದಿಲ್ಲ. ಬಹುಪಾಲು ಸಲ ಸರಿಯಾಗೇ ಇದ್ದು, ನಡುನಡುವೆ ಒಂದೆರಡು ಸಲ ಕೈ ಕೊಡುತ್ತೆ. ಹಾಗಾಗಿ ಸರಾಸರಿಗಿಂತ ಆ ಕೆಟ್ಟ ಒಂದೆರಡೇ ಮುಖ್ಯ.

ನಮ್ಮಲ್ಲಿ ಸ್ಕೇಲು ಸಾಕು. ಒಬ್ಬರು ಸ್ಕೇಲನ್ನು 30ರ ತುದಿಯಲ್ಲಿ ಹಿಡಿದು ನೇರವಾಗಿ ತೂಗಬಿಡಲಿ. ನಿಮ್ಮ ಹೆಬ್ಬೆರಳು, ತೋರುಬೆರಳು ಸೊನ್ನೆಯ ಗೆರೆಯ ಎರಡೂ ಕಡೆ ಮುಟ್ಟದಂತೆ ಇರಲಿ. ಅವರು ಹೇಳದೆ ಕೇಳದೆ ಬಿಡಬೇಕು, ನೀವು ಹಿಡಿಯಬೇಕು. ಹಿಡಿದ ಜಾಗದ ಸಂಖ್ಯೆ ಬರೆಯಿರಿ. 15 ಸೆಂಟಿಮೀಟರ್ ಎಂದರೆ ಸುಮಾರು 0.175 ಸೆಕೆಂಡ್, 20 ಎಂದರೆ 0.20, ಪೂರ್ತಿ 30 ಜಾರಿದರೆ 0.25ಕ್ಕಿಂತ ಜಾಸ್ತಿ. ಒಂದು ಸಲಕ್ಕೆ ಇಪ್ಪತ್ತು ಬಾರಿ ಮಾಡಿ. ಸರಾಸರಿ ಬೇಡ, ಕೆಟ್ಟ ಮೂರು ಸಂಖ್ಯೆ ಮತ್ತು ಪೂರ್ತಿ ಜಾರಿದ್ದು ಎಷ್ಟು ಎನ್ನುವುದನ್ನು ಬರೆದಿಡಿ.

ಇಲ್ಲಿ ಆಗುವ ತಪ್ಪುಗಳು ಹಲವು. ಬಿಡುವವರು ತಾಳ ಹಾಕಿದಂತೆ ಸಮ ಅಂತರದಲ್ಲಿ ಬಿಟ್ಟರೆ ಕೈಗೆ ಮೊದಲೇ ಗೊತ್ತಾಗುತ್ತೆ, ಎರಡರಿಂದ ಎಂಟು ಸೆಕೆಂಡಿನ ನಡುವೆ ಹೆಚ್ಚು ಕಡಿಮೆ ಮಾಡಬೇಕು. ದಿನಾ ಬೇರೆ ಬೇರೆಯವರು ಬಿಡಬಾರದು. ಮೊದಲೆರಡು ದಿನದ ಸಂಖ್ಯೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬರೀ ಕೈ ಪಳಗುವ ಕಾಲ. ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ, ದಿನಾ ಅದೇ ಹೊತ್ತಿಗೆ ಮಾಡಿ. ಚಹಾ ಕುಡಿಯುವ ಮುಂಚೆ.

ಜೊತೆಗೆ ನಿಮ್ಮ ಕೆಲಸದ್ದೇ ಒಂದು ಎಣಿಕೆ ಇರಲಿ. ಪ್ರೂಫ್ ನೋಡುವವರಾದರೆ ಒಂದು ಪುಟದಲ್ಲಿ ಬಿಟ್ಟ ತಪ್ಪು, ಲೆಕ್ಕ ಬರೆಯುವವರಾದರೆ ಹೊಡೆದು ತಿದ್ದಿದ ಎಂಟ್ರಿ, ಓದುವವರಾದರೆ ಅದೇ ಪ್ಯಾರಾ ಮತ್ತೆ ಓದಿದ್ದು. ಸ್ಕೇಲಿಗಿಂತ ಇದೇ ಎಷ್ಟೋ ಸಲ ನಿಜ ಹೇಳುತ್ತೆ.

ಹಂತ 3: ನಿದ್ದೆ, ಚಹಾ, ಗುಳಿಗೆ

ಒಂದು ವಾರ ಮಲಗಿದ್ದು, ಎದ್ದಿದ್ದು ಬರೆಯಿರಿ. ಏಳು ಗಂಟೆಗಿಂತ ಕಡಿಮೆ ಇದ್ದರೆ ಮುಂದಿನ ಹಂತಗಳಿಗೆ ಹೋಗಲೇಬೇಡಿ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, 17 ಗಂಟೆ ಸತತ ಎಚ್ಚರ ಇದ್ದವರ ಕೈಚಳಕ ರಕ್ತದಲ್ಲಿ ಶೇಕಡ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮಲ್ಲಿ ಗಾಡಿ ಓಡಿಸಲು ಇರುವ ಮಿತಿ 0.03. ಬೆಳಗ್ಗೆ ಐದಕ್ಕೆದ್ದು ಓದಲು ಕೂತವರು ರಾತ್ರಿ ಹತ್ತಕ್ಕೆ ಎಲ್ಲಿರುತ್ತಾರೆ ಎಂದು ನೀವೇ ಲೆಕ್ಕ ಹಾಕಿ.

ನಿದ್ದೆ ಕೆಡುವುದಕ್ಕೂ ಜಾಗವೇ ಕಾರಣ ಆಗಿರಬಹುದು. ಮೇಲಿನ ಮಹಡಿಯ ಪಿಜಿ ಕೋಣೆಯಲ್ಲಿ ಏಪ್ರಿಲ್, ಮೇ ತಿಂಗಳು ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಪೂರ್ತಿ ಬಿಸಿ ಬಿಡುತ್ತಾ ಇರುತ್ತೆ. ಹೊರಗೆ ಧಾರವಾಡದ ತಂಪು ಗಾಳಿ, ಒಳಗೆ ಒಲೆ. ಅಂಥವರು ಸಂಜೆ ತಾರಸಿಯ ಮೇಲೆ ನೀರು ಚೆಲ್ಲುವುದೋ, ಬೇಸಿಗೆ ಮುಂಚೆ ಮಾಲೀಕರಿಗೆ ಹೇಳಿ ತಾರಸಿಗೆ ಸುಣ್ಣ ಹೊಡೆಸುವುದೋ ಮಾಡಿ ನೋಡಬೇಕು.

ಚಹಾದಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಮೇಲಿನ ಚಹಾ ಬಿಡಿ. ಬೆಳಗಿನದನ್ನು ಬಿಡಬೇಡಿ. ದಿನಾ ಕುಡಿಯುವವರು ಥಟ್ಟನೆ ಬಿಟ್ಟರೆ ತಲೆನೋವು ಬಂದು ಅಳತೆಯೆಲ್ಲ ಕೆಡುತ್ತೆ.

ಗುಳಿಗೆ ವಿಷಯ ಯಾರೂ ಕೇಳುವುದೇ ಇಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೀಸನ್‌ನಲ್ಲಿ ಮೆಣಸಿನಕಾಯಿ ಘಾಟಿಗೆ ಸೀನು, ಕೆಮ್ಮು ಬಂದು ನೆಗಡಿ ಗುಳಿಗೆ ನುಂಗುವವರು ಇರುತ್ತಾರೆ. ತಲೆ ಮಂಕಾಗಿದ್ದಕ್ಕೆ ಘಾಟನ್ನು ಬೈಯುತ್ತಾರೆ, ನಿದ್ದೆ ತರಿಸಿದ್ದು ಗುಳಿಗೆ. ಕ್ಲೋರ್‌ಫೆನಿರಮೈನ್ ಇರುವ ನೆಗಡಿ ಗುಳಿಗೆಗಳು ಚೆನ್ನಾಗಿಯೇ ತೂಕಡಿಕೆ ತರಿಸುತ್ತವೆ, ಸೆಟ್ರಿಜಿನ್ ಸ್ವಲ್ಪ ಕಡಿಮೆ. ನೀವು ಏನು ನುಂಗುತ್ತಿದ್ದೀರಿ ಎಂದು ಬರೆದು ಡಾಕ್ಟರಿಗೋ ಮೆಡಿಕಲ್ ಶಾಪಿನವರಿಗೋ ತೋರಿಸಿ.

ಹಂತ 4: ಒಂದು ಸಲಕ್ಕೆ ಒಂದೇ ಬದಲಾವಣೆ

ಇಲ್ಲಿಂದ ಮುಂದೆ ನಿಯಮ ಒಂದೇ. ಒಂದು ಬದಲಾವಣೆ ಮಾಡಿ ನಾಲ್ಕು ದಿನ ಅಳೆಯಿರಿ. ಅದನ್ನು ತೆಗೆದು ನಾಲ್ಕು ದಿನ ಅಳೆಯಿರಿ. ಮತ್ತೆ ಹಾಕಿ ನೋಡಿ. ಹಾಕಿದಾಗ ಸುಧಾರಿಸಿ, ತೆಗೆದಾಗ ಕೆಟ್ಟು, ಮತ್ತೆ ಹಾಕಿದಾಗ ಮತ್ತೆ ಸುಧಾರಿಸಿದರೆ ಮಾತ್ರ ನಂಬಿ. ಬರೀ ಮೊದಲ ನಾಲ್ಕು ದಿನದ ಸುಧಾರಣೆಗೆ ಬೆಲೆ ಇಲ್ಲ, ಹೊಸದು ಮಾಡಿದ ಉಮೇದಿಗೇ ಅಷ್ಟು ಸುಧಾರಿಸುತ್ತೆ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಎಚ್ಚರ ಇಳಿಯುವುದು ದೇಹದ ಗಡಿಯಾರದ್ದೇ ಲೆಕ್ಕ, ಊಟ ಬಿಟ್ಟರೂ ಸ್ವಲ್ಪ ಇಳಿಯುತ್ತೆ. ಆದ್ದರಿಂದ ಮಧ್ಯಾಹ್ನವನ್ನು ಮಧ್ಯಾಹ್ನಕ್ಕೇ ಹೋಲಿಸಿ, ಬೆಳಗ್ಗೆಗೆ ಅಲ್ಲ.

ಹಂತ 5: ಗಾಳಿ

ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುತ್ತೆ ಎಂದು ತುಂಬಾ ಜನ ನಂಬಿದ್ದಾರೆ. ತರುವುದಿಲ್ಲ. ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತೆ. ಮೂವತ್ತು ಜನ ಕೂತ ರೀಡಿಂಗ್ ರೂಮಿನಲ್ಲಿ ಎಸಿ ಹಾಕಿ ಬಾಗಿಲು ಹಾಕಿದರೆ ಎಲ್ಲರೂ ಎಲ್ಲರ ಉಸಿರನ್ನೇ ಕುಡಿಯುತ್ತಿರುತ್ತಾರೆ.

ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2012ರಲ್ಲಿ 22 ಜನರನ್ನು 600, 1000, 2500 ಪಿಪಿಎಂ ಕಾರ್ಬನ್ ಡೈಆಕ್ಸೈಡ್ ಇರುವ ಕೋಣೆಯಲ್ಲಿ ಕೂರಿಸಿ ನೋಡಿದರು. ಸಂಖ್ಯೆ ಏರಿದಂತೆ ನಿರ್ಧಾರ ತೆಗೆದುಕೊಳ್ಳುವ ಅಂಕ ಇಳಿಯಿತು. ಆಮೇಲೆ ಜಲಾಂತರ್ಗಾಮಿ ಸಿಬ್ಬಂದಿಯ ಮೇಲೆ ಇದಕ್ಕಿಂತ ಎಷ್ಟೋ ಹೆಚ್ಚಿನ ಮಟ್ಟದಲ್ಲಿ ನೋಡಿದಾಗ ಅಂಥ ಕುಸಿತ ಕಾಣಲಿಲ್ಲ. ಹಾಗಾಗಿ ಆ ಸಂಖ್ಯೆಯನ್ನು ವಿಷದ ಅಳತೆ ಎಂದುಕೊಂಡು ಗಾಬರಿ ಆಗಬೇಡಿ. ಕೋಣೆಗೆ ಹೊಸ ಗಾಳಿ ಎಷ್ಟು ಬರುತ್ತಿದೆ ಎನ್ನುವ ಗುರುತು ಅದು. 1000 ದಾಟಿದರೆ ಗಾಳಿ ಸಾಲದು ಎಂದರ್ಥ.

ಮೀಟರ್ ಇಲ್ಲದಿದ್ದರೆ ಹತ್ತು ನಿಮಿಷ ಹೊರಗೆ ನಿಂತು ಒಳಗೆ ಬನ್ನಿ. ಬಾಗಿಲಲ್ಲೇ ಮುಗ್ಗಲು, ಬೆವರು ವಾಸನೆ ಹೊಡೆದರೆ ಸಾಕು ಸಾಕ್ಷಿ. ಪರಿಹಾರ: ಎದುರುಬದುರು ಇರುವ ಎರಡು ಕಿಟಕಿ ನಾಲ್ಕು ಬೆರಳು ತೆರೆಯಿರಿ. ಒಂದೇ ಕಿಟಕಿ ಪೂರ್ತಿ ತೆರೆದರೂ ಗಾಳಿ ಹಾಯುವುದು ಕಡಿಮೆ. ಗಂಟೆಗೊಮ್ಮೆ ಐದು ನಿಮಿಷ ಎಲ್ಲ ತೆರೆದು ಫ್ಯಾನ್ ಜೋರಾಗಿ ಹಾಕಿ. ಪಕ್ಕದಲ್ಲೇ ಜನರೇಟರ್ ಇರುವ ಕಿಟಕಿಯನ್ನು ಮಾತ್ರ ತೆರೆಯಬೇಡಿ.

ಹಂತ 6: ಬಿಸಿ ಮತ್ತು ನೀರು

ತಗಡಿನ ಶೀಟ್ ಕೆಳಗೆ ಕೆಲಸ ಮಾಡುವವರಿಗೆ ಥರ್ಮಾಮೀಟರ್ ಪೂರ್ತಿ ಸತ್ಯ ಹೇಳುವುದಿಲ್ಲ. ಅದು ಗಾಳಿಯ ಬಿಸಿ ಅಳೆಯುತ್ತೆ. ಶೀಟಿನಿಂದ ನೇರ ತಲೆಗೆ ಬಡಿಯುವ ಝಳ ಬೇರೆ. ಅದಕ್ಕೇ ಫ್ಯಾನ್ ಎಷ್ಟು ತಿರುಗಿದರೂ ನೆತ್ತಿ ಕಾಯುತ್ತೆ. ಶೀಟಿಗೆ ಬಿಳಿ ಬಣ್ಣ ಹೊಡೆಸುವುದು, ಕೆಳಗೆ ಒಂದು ಫಾಲ್ಸ್ ಸೀಲಿಂಗೋ ಚಾಪೆಯೋ ಕಟ್ಟುವುದು ಫ್ಯಾನಿಗಿಂತ ಹೆಚ್ಚು ಕೆಲಸ ಮಾಡುತ್ತೆ.

ಗದಗ, ರೋಣದ ಕಡೆಯ ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ಒಗ್ಗುತ್ತೆ, ಆದರೆ ಕಿಟಕಿ ತೆರೆದಿರಬೇಕು. ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಒಂದು ಗಂಟೆಯಲ್ಲಿ ಕೋಣೆ ತೇವ ಆಗಿ ಬೆವರು ಆರುವುದೇ ನಿಲ್ಲುತ್ತೆ. ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಕೂಲರ್ ಸುಮ್ನೆ ದಂಡ.

ನೀರಿನ ವಿಷಯ. ದೇಹದ ತೂಕದ ಶೇಕಡ 2ರಷ್ಟು ನೀರು ಕಡಿಮೆ ಆದರೆ ಗಮನ ಹಿಡಿಯುವುದು ಕಷ್ಟ ಆಗುತ್ತೆ. 60 ಕಿಲೋ ಇರುವವರಿಗೆ ಅದು ಬರೀ 1.2 ಲೀಟರ್. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲದು. ಆದರೆ "ನೀರು ಕುಡಿಯಿರಿ" ಎಂದು ಹೇಳಿ ಮುಗಿಸಿದರೆ ಆಗಲಿಲ್ಲ. ಅಂಗಡಿ, ಗಾರ್ಮೆಂಟ್, ಮಾರುಕಟ್ಟೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಬೇಕೆಂದೇ ನೀರು ಕುಡಿಯುವುದಿಲ್ಲ, ಯಾಕಂದರೆ ಹೋಗಲು ಸರಿಯಾದ ಶೌಚಾಲಯ ಇರುವುದಿಲ್ಲ. ಅಲ್ಲಿ ಸರಿ ಮಾಡಬೇಕಾದ್ದು ಬಾಟಲಿಯಲ್ಲ, ಶೌಚಾಲಯ. ಬೆವರು ಜಾಸ್ತಿ ಇದ್ದರೆ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು, ಬಿಪಿ ಇರುವವರು ಉಪ್ಪು ಎಷ್ಟು ಎಂದು ಕೇಳಿಕೊಳ್ಳಿ.

ಎಚ್ಚರಿಕೆ: ಬಿಸಿಲಲ್ಲಿ ಇದ್ದವರು ತೊದಲಿದರೆ, ಅಸಂಬದ್ಧ ಮಾತಾಡಿದರೆ, ಮೈ ಕಾದ ಹೆಂಚಿನಂತೆ ಸುಡುತ್ತಿದ್ದರೆ ಅದು ಮಂಕಲ್ಲ. ನೆರಳಿಗೆ ತಂದು ಮೈಮೇಲೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ.

ಹಂತ 7: ಸದ್ದು

ಕ್ರಮ ತಪ್ಪಿದರೆ ಏನಾಗುತ್ತೆ ಎಂದು ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇಲ್ಲಿದೆ. 1963ರಲ್ಲಿ ಬ್ರಿಟನ್ನಿನ ವಿಜ್ಞಾನಿ ವಿಲ್ಕಿನ್ಸನ್ ಒಂದು ವಿಚಿತ್ರ ಕಂಡರು. ಚೆನ್ನಾಗಿ ನಿದ್ದೆ ಆದವರ ಕೆಲಸವನ್ನು ಸದ್ದು ಕೆಡಿಸಿತು. ನಿದ್ದೆಗೆಟ್ಟವರಲ್ಲಿ ಅದೇ ಸದ್ದು ನಿದ್ದೆಗೇಡಿನ ಪರಿಣಾಮವನ್ನೇ ಸ್ವಲ್ಪ ಕಡಿಮೆ ಮಾಡಿತು. ಅಂದರೆ ನಿದ್ದೆ ಸರಿ ಮಾಡದೆ ಸದ್ದು ನಿಲ್ಲಿಸಿದರೆ ನೀವು ಇನ್ನೂ ಜಾಸ್ತಿ ತೂಕಡಿಸುತ್ತೀರಿ. ಆಮೇಲೆ "ನನಗ ಹಾಡು ಇದ್ರನ ಓದಾಕ ಬರತೈತಿ" ಎಂಬ ತೀರ್ಮಾನಕ್ಕೆ ಬರುತ್ತೀರಿ. ಹಾಡು ನಿಮ್ಮ ನಿದ್ದೆಯ ಸಾಲವನ್ನು ಮುಚ್ಚಿಡುತ್ತಿದೆ, ಅಷ್ಟೇ.

ಓದುವವರಿಗೆ, ಬರೆಯುವವರಿಗೆ ಜೋರು ಸದ್ದಿಗಿಂತ ಅರ್ಥವಾಗುವ ಮಾತೇ ದೊಡ್ಡ ಕಾಟ. ಪಕ್ಕದ ಟೇಬಲ್ಲಿನಲ್ಲಿ ಮೆಲ್ಲಗೆ ನಡೆಯುವ ಫೋನ್ ಮಾತು ಫ್ಯಾನಿನ ಗುಂಯ್ ಸದ್ದಿಗಿಂತ ಹೆಚ್ಚು ಕೆಡಿಸುತ್ತೆ. ಅಂಥಲ್ಲಿ ಫ್ಯಾನ್ ಹಾಕಿ ಆ ಮಾತನ್ನು ಮುಚ್ಚುವುದೇ ಉಪಾಯ.

ಗದಗ-ಬೆಟಗೇರಿಯ ಪವರ್‌ಲೂಮ್‌ಗಳ ಕಥೆ ಬೇರೆ. ಒಂದು ಮಾರು ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾದರೆ ಸದ್ದು ಸುಮಾರು 85 ಡೆಸಿಬಲ್ ದಾಟಿದೆ, ಕಿವಿಗೇ ಅಪಾಯ ಎಂದು ತಿಳಿಯಿರಿ. ಮೊಬೈಲ್ ಆ್ಯಪ್ ಐದಾರು ಡೆಸಿಬಲ್ ಹೆಚ್ಚು ಕಡಿಮೆ ತೋರಿಸಬಹುದು, ಆದರೆ ಒಂದೇ ಮೊಬೈಲಿನಲ್ಲಿ ಎರಡು ಜಾಗ ಹೋಲಿಸಲು ಸಾಕು. ಕಿವಿಗೆ ಹತ್ತಿ ತುರುಕುವುದರಿಂದ ಹೆಚ್ಚು ಪ್ರಯೋಜನ ಇಲ್ಲ. ಫೋಮ್ ಪ್ಲಗ್ ತನ್ನಿ. ಅದನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಹಾಕಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕೆಲಸ ಮುಗಿದು ಮನೆಗೆ ಬಂದ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಕಿವಿ ಪರೀಕ್ಷೆ ಮಾಡಿಸಿ.

ಹಂತ 8: ಬೆಳಕು, ಅದುರು, ಟವರು

ಬೆಳಕಿನ ವಿಷಯ ಬೇಗ ಮುಗಿಯುತ್ತೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ತರುತ್ತೆ. ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ, ಪರದೆಯಲ್ಲಿ ಪಟ್ಟೆ ಓಡಿದರೆ ಮಿನುಗುತ್ತಿದೆ ಎಂದರ್ಥ. ಎಲೆಕ್ಟ್ರಾನಿಕ್ ಚೋಕ್ ಅಥವಾ ಒಳ್ಳೆಯ ಎಲ್‌ಇಡಿ ಹಾಕಿಸಿ. ಕಿಟಕಿಗೆ ಬೆನ್ನಾಗಲಿ ಮುಖವಾಗಲಿ ಮಾಡದೆ, ಪಕ್ಕಕ್ಕೆ ಇರುವಂತೆ ಕೂರಿ.

ದಿನಾ ಹುಬ್ಬಳ್ಳಿ–ಧಾರವಾಡ ಓಡಾಡುವವರು ಗಮನಿಸಿ. ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯ 2018ರಲ್ಲಿ 15 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ಗಾಡಿಯ ಸೀಟಿನ ನಿಧಾನ ಅದುರುವಿಕೆಯಿಂದ 15 ನಿಮಿಷದೊಳಗೇ ತೂಕಡಿಕೆಯ ಲಕ್ಷಣ ಶುರುವಾಗಿತ್ತು. ಚಿಗರಿ ಬಸ್ಸಿಳಿದ ಕೂಡಲೇ ಸ್ಕೇಲು ಹಿಡಿಯಬೇಡಿ, ಕಾಲು ಗಂಟೆ ನಡೆದಾಡಿ. ಲಾರಿ, ಟೆಂಪೊ ಓಡಿಸುವವರಿಗೆ ಇದು ಅಳತೆಯ ಪ್ರಶ್ನೆಯಲ್ಲ. ಕಣ್ಣು ಭಾರ ಆದರೆ ಗಾಡಿ ಬದಿಗೆ ಹಾಕಿ ಇಪ್ಪತ್ತು ನಿಮಿಷ ಮಲಗಿ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ನಿದ್ದೆಯನ್ನು ಓಡಿಸುವುದಿಲ್ಲ.

ಮೊಬೈಲ್ ಟವರ್ ಬಗ್ಗೆ ಕೇಳುವವರು ಬಹಳ. ಪಟ್ಟಿಯ ಕೊನೆಯಲ್ಲಿಡಿ. ಸಿಗ್ನಲ್ ಇದೆಯೋ ಇಲ್ಲವೋ ಎಂದು ಹೇಳದೆ ಪರೀಕ್ಷಿಸಿದ ಪ್ರಯೋಗಗಳಲ್ಲಿ, ತಮಗೆ ಅದರಿಂದ ತೊಂದರೆ ಎನ್ನುವವರೂ ಯಾವಾಗ ಇದೆ, ಯಾವಾಗ ಇಲ್ಲ ಎಂದು ಗುರುತಿಸಲು ಆಗಲಿಲ್ಲ.

ಹಂತ 9: ಕೆಲಸವೇ ಕಾಟ ಆಗಿದ್ದರೆ

ಎಲ್ಲ ಸರಿ ಮಾಡಿದರೂ ಸಂಖ್ಯೆ ಸುಧಾರಿಸದಿದ್ದರೆ ಕೆಲಸದ ಥರ ನೋಡಿ. 1948ರಲ್ಲಿ ಮ್ಯಾಕ್‌ವರ್ತ್ ಎಂಬ ಸಂಶೋಧಕ ಜನರನ್ನು ಗಡಿಯಾರದಂಥ ಒಂದು ಮುಳ್ಳು ನೋಡುತ್ತಾ ಕೂರಿಸಿದ. ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುತ್ತಿತ್ತು, ಅದನ್ನು ಹಿಡಿಯಬೇಕು. ಮೊದಲ ಅರ್ಧ ಗಂಟೆಯಲ್ಲೇ ಹಿಡಿಯುವುದು ಕಡಿಮೆ ಆಯಿತು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಬೆಲ್ಟ್ ಮೇಲೆ ಬರುವ ಪಾರ್ಟ್ ನೋಡಿ ಕೆಟ್ಟದ್ದನ್ನು ಆರಿಸುವವರು, ಸಿಸಿಟಿವಿ ಮುಂದೆ ಕೂರುವವರು, ಎಲ್ಲರಿಗೂ ಇದೇ ಪಾಡು. ಇದು ಸೋಮಾರಿತನ ಅಲ್ಲ. ಅರ್ಧ ಗಂಟೆಗೊಮ್ಮೆ ಇಬ್ಬರು ಕೆಲಸ ಅದಲು ಬದಲು ಮಾಡಿಕೊಂಡರೆ ಬಹಳಷ್ಟು ಸರಿ ಹೋಗುತ್ತೆ.

ಹಂತ 10: ಮಾಲೀಕರ ಹತ್ತಿರ ಹೋಗುವುದು ಹೇಗೆ

"ಸರ್, ಇಲ್ಲಿ ಕೂತ್ರ ತಲಿ ನೋಯತೈತಿ" ಎಂದರೆ "ಚಾ ಕುಡದ ಬಾ" ಎನ್ನುತ್ತಾರೆ. ನೋಟ್‌ಬುಕ್ ಒಯ್ಯಿರಿ. ಎಕ್ಸಾಸ್ಟ್ ಹಾಕಿದ ದಿನ ತಪ್ಪಿದ ಪ್ರೂಫ್ ಎಷ್ಟು, ಹಾಕದ ದಿನ ಎಷ್ಟು ಎಂದು ತೋರಿಸಿ. ಕೆಟ್ಟ ಪ್ಲೇಟಿಗೆ, ಮತ್ತೆ ಹೊಡೆದ ಕಾಗದಕ್ಕೆ ದುಡ್ಡು ಅವರದ್ದೇ ಹೋಗುವುದು, ಆ ಭಾಷೆ ಅವರಿಗೆ ಬೇಗ ತಿಳಿಯುತ್ತೆ. ಒಬ್ಬರೇ ಹೋಗದೆ ಇಬ್ಬರ ಅಳತೆ ಇಟ್ಟುಕೊಂಡು ಹೋಗಿ. ಒಂದು ಸಲಕ್ಕೆ ಒಂದೇ ಕೇಳಿ, ಅಗ್ಗದ್ದನ್ನು ಮೊದಲು. ಮುಚ್ಚಳದ ಡಬ್ಬಿ, ಎಕ್ಸಾಸ್ಟ್ ಫ್ಯಾನು, ಶೀಟಿಗೆ ಬಿಳಿ ಬಣ್ಣ, ಈ ಕ್ರಮದಲ್ಲಿ. ಗಾಳಿ, ಬೆಳಕು, ಕುಡಿಯುವ ನೀರು, ಶೌಚಾಲಯ ಕೊಡಬೇಕು ಎನ್ನುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾನೂನಿನಲ್ಲಿದೆ, ಆದರೆ ಆ ಮಾತನ್ನು ಮೊದಲ ಭೇಟಿಯಲ್ಲೇ ತೆಗೆಯಬೇಡಿ.

ಹಂತ 1ರ ಗುರುತುಗಳಿದ್ದರೆ ಮಾತ್ರ ಈ ನಯ ನಾಜೂಕು ಏನೂ ಬೇಡ. ಮೊದಲು ಡಾಕ್ಟರನ್ನು ಕಾಣಿ. ಏನು ಕೆಲಸ ಮಾಡುತ್ತೀರಿ, ಯಾವ ದ್ರಾವಕ ಬಳಸುತ್ತೀರಿ, ರಜೆ ದಿನ ಹೇಗಿರುತ್ತೆ ಎನ್ನುವ ಮೂರನ್ನೂ ಅವರು ಕೇಳದಿದ್ದರೂ ಹೇಳಿ. ಡಬ್ಬಿಯ ಮೇಲಿನ ಲೇಬಲ್ಲಿನ ಫೋಟೊ ಮೊಬೈಲಿನಲ್ಲಿ ಇರಲಿ.